ಮನುಷ್ಯರ ಸುಳಿವಿಲ್ಲದ ಚಿತ್ರ

ಕೈಯಲ್ಲಿದ್ದ ಚಹಾ ಆರುವ ಮೊದಲೇ ಅವಳು ಭೂಮಿಯ ಮೇಲಿನಿಂದ ಅಳಿದುಹೋದಳು. ಅಳಿಸಿದ್ದು ತರಬೇತಿ ನಡೆಸುವ ಹೆಂಗಸು, ಬಹಳ ಮರ್ಯಾದಸ್ಥೆ. “ಬೇಜಾರು ಮಾಡ್ಕೋಬೇಡಿ ಮೇಡಂ, ಚೀಟಿಲಿ ನಿಮ್ದೇ ಬಂತು” ಎಂದು ಕಿವಿಯಲ್ಲಿ ಹೇಳಿ, ಅವಳ ಕೊರಳಿನಿಂದ ತೂಗುತ್ತಿದ್ದ ಬಿಲ್ಲೆಯ ಮೇಲೆ ಗುಂಡನೆಯ ಕಪ್ಪು ಕಾಗದವೊಂದನ್ನು, ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟಿಡುವಷ್ಟು ಅಕ್ಕರೆಯಿಂದ, ಅಂಟಿಸಿದಳು. ಆಮೇಲೆ ಮೈಕನ್ನು ಬಾಯಿಗೆ ಹಿಡಿದು, “ಕತ್ತೆಕಿರುಬ ಹೋಯ್ತು” ಎಂದು ಸಾರಿದಳು. ಸಭೆಯೆಲ್ಲ ಒಂದೇ ಕೊರಳಲ್ಲಿ ಅಯ್ಯೋ ಎಂದಿತು. ಹಾಗೆಂದು, ಬಿಸ್ಕತ್ತಿನ ತಟ್ಟೆಯ ಕಡೆ ತಿರುಗಿತು.

ಇದು ವರ್ಷಕ್ಕೊಮ್ಮೆ ಸೇರುವ ಸಭೆ. ಕಾಡಿನ ಜೀವಗಳ ವಿಷಯವನ್ನು ನಾಡಿನ ಜನಕ್ಕೆ ಮುಟ್ಟಿಸುವುದನ್ನೇ ಕಸುಬು ಮಾಡಿಕೊಂಡವರು, ಎಂದರೆ ಬರೆಯುವವರು, ಫೋಟೋ ಹಿಡಿಯುವವರು, ಚಿತ್ರಗಳಿಗೆ ದನಿ ಕೊಡುವವರು, ಸಂಸ್ಥೆಗಳ ಪರವಾಗಿ ದಿನಕ್ಕೊಂದು ಮರುಕದ ಸುದ್ದಿ ಹೊರಡಿಸುವವರು, ಕಿಟಕಿಯಿಲ್ಲದ ತಂಪು ಕೋಣೆಯಲ್ಲಿ ಕೂತು ಮಳೆಬಿಸಿಲುಗಳ ಬಗ್ಗೆ ಮಾತಾಡುವ ದಿನ. ಬಾಗಿಲಲ್ಲೇ ಎಲ್ಲರ ಹೆಸರನ್ನೂ ಕಿತ್ತುಕೊಂಡು, ಅದರ ಬದಲು ಒಂದೊಂದು ಪ್ರಾಣಿಯ ಬಿಲ್ಲೆ ಕೊಟ್ಟಿದ್ದರು. ಪತ್ರಿಕೆಯ ಸಂಪಾದಕರ ಪಾಲಿಗೆ ರಣಹದ್ದು ಬಂದಾಗ ಚೀಟಿಗೂ ನ್ಯಾಯ ಗೊತ್ತು ಎಂದು ಜನ ನಕ್ಕರು. ಅವಳಿಗೆ ಬಂದದ್ದು ಕತ್ತೆಕಿರುಬ. ಹೆಸರಿನಲ್ಲೇ ಕತ್ತೆಯೂ ಕಿರುಬವೂ ಇರುವ, ಒಂದು ಬೈಗುಳ ಕೊಂಡರೆ ಇನ್ನೊಂದು ಉಚಿತವೆನ್ನುವಂಥ ಪ್ರಾಣಿ. ಆಟದ ನಿಯಮ ಸರಳವಾಗಿತ್ತು. ಕಪ್ಪು ಬೊಟ್ಟು ಬಿದ್ದವರು ಇಲ್ಲ. ಅವರನ್ನು ಯಾರೂ ನೋಡಬಾರದು, ಮಾತಾಡಿಸಬಾರದು, ಅವರು ಮಾತಾಡಿದರೆ ಕೇಳಿಸಿಕೊಳ್ಳಬಾರದು. ಒಂದು ಜೀವ ಇಲ್ಲವಾದಾಗ ಅದು ಇಲ್ಲ ಎನ್ನುವುದೂ ಗೊತ್ತಾಗದಷ್ಟು ಬೇಗ ನಾವು ಹೇಗೆ ಮರೆತುಬಿಡುತ್ತೇವೆ ಎಂಬುದನ್ನು ಮೈಯಲ್ಲೇ ಅರಿಯಬೇಕಂತೆ. ಸಂಜೆ ಸಭೆ ಮುಗಿದ ಮೇಲೆ ಎಲ್ಲರಿಗೂ ಜೀವದಾನ.

ಅವಳು ಬಂದದ್ದು ಅರಿಯುವುದಕ್ಕಲ್ಲ. ಅವಳಿಗೆ ಇದ್ದದ್ದು ಒಂದೇ ಕೆಲಸ: ಸಂಜೆಯೊಳಗೆ ತಂಗಿಯ ಮಗನನ್ನು ಹಿಡಿದು, ಕೊನೆಯ ಗೋಷ್ಠಿಯಲ್ಲಿ ಅವನು ಆ ಒಂದು ಚಿತ್ರವನ್ನು ತೋರಿಸದಂತೆ ಮಾಡುವುದು. ಫೋನಿನಲ್ಲಿ ಹೇಳಿ ಸೋತಿದ್ದಳು. ಎದುರಿಗೆ ಕೂರಿಸಿಕೊಂಡು ಹೇಳಿದರೆ ಕೇಳುತ್ತಾನೆ. ಚಿಕ್ಕಂದಿನಲ್ಲಿ ಹಾಗೇ ಕೇಳುತ್ತಿದ್ದ. ಈಗ ಅವನು ಕಂಬದ ಪಕ್ಕದಲ್ಲಿ, ಚಿಪ್ಪುಹಂದಿಯ ಬಿಲ್ಲೆ ತೂಗುಹಾಕಿಕೊಂಡು, ಯಾರೊಂದಿಗೋ ನಗುತ್ತ ನಿಂತಿದ್ದ. ಅವಳು ಕೈಯೆತ್ತಿದಳು. ಅವನ ಕಣ್ಣು ಅವಳ ಬಿಲ್ಲೆಯ ಮೇಲೆ ಬಂತು, ಬೊಟ್ಟನ್ನು ಕಂಡಿತು, ಅಲ್ಲಿಂದ ಗೋಡೆಗೆ ಹೋಯಿತು. ಆ ನೋಟದಲ್ಲಿ ಏನೋ ಒಂದು ಹಗುರಾದದ್ದನ್ನು ಅವಳು ಕಂಡಳು. ಪರೀಕ್ಷೆಯ ದಿನ ಬೆಳಿಗ್ಗೆ ಶಾಲೆಗೆ ರಜೆ ಎಂದು ಕೇಳಿದ ಹುಡುಗನ ಮುಖ.

ಚಿತ್ರದಲ್ಲಿ ಇದ್ದದ್ದು ಮೀನುಗೂಬೆ. ಹೊಳೆಯ ಮೇಲಿನ ಬಂಡೆಯ ಚಾಚಿನಲ್ಲಿ ತಾಯಿ, ಅದರ ಹೊಟ್ಟೆಯ ಕೆಳಗಿಂದ ಇಣುಕುವ ಮರಿ, ಎರಡರ ಕಣ್ಣಲ್ಲೂ ಸಂಜೆ. ಒಳ್ಳೆಯ ಚಿತ್ರವೇ. ಆದರೆ ಎಡಗಡೆ ಇನ್ನೊಂದು ಬಂಡೆ ಇತ್ತು, ನಡುವೆ ಸೀಳಿದ್ದು, ಹೊಳೆ ಎಷ್ಟು ಏರಿತೆಂದು ಅಳೆಯಲು ಯಾರೋ ಹಿಂದೊಮ್ಮೆ ಬಳಿದ ಬಿಳಿ ಗೆರೆಗಳ ಸಮೇತ. ಹೋದ ವಾರ ಅವನು ಫೋನಿಗೆ ಕಳಿಸಿದಾಗ ಅವಳು ಗೂಬೆಗಿಂತ ಮೊದಲು ಆ ಬಂಡೆಯನ್ನು ನೋಡಿದಳು. ನೋಡಿದ್ದೇ, ಸೇತುವೆಯಿಂದ ಎಷ್ಟು ದೂರ, ಯಾವ ದಡ, ಎಲ್ಲಿ ಗಾಡಿ ನಿಲ್ಲಿಸಬಹುದು ಎಲ್ಲವೂ ಗೊತ್ತಾಗಿಹೋಯಿತು. “ಜಾಗದ ಗುರುತೆಲ್ಲ ಅಳಿಸಿದ್ದೀನಿ ದೊಡ್ಡಮ್ಮ. ಪ್ರಪಂಚದಲ್ಲಿ ಬಂಡೆಗಳಿಗೇನು ಬರ” ಎಂದಿದ್ದ ಅವನು. ನಾನು ಕಂಡುಹಿಡಿದೆನಲ್ಲೋ ಎಂದದ್ದಕ್ಕೆ, “ನೀವು ಬಿಡಿ, ನಿಮಗೆ ಅದೇ ಕೆಲಸ” ಎಂದು ನಕ್ಕಿದ್ದ. ನಿಜ, ಅವಳಿಗೆ ಅದೇ ಕೆಲಸ. ಬಹಳ ಹಿಂದೆ ಇದೇ ಗೂಬೆಗಳ ಬಗ್ಗೆ, ಅಥವಾ ಇವುಗಳ ಅಪ್ಪ ಅಮ್ಮಂದಿರ ಬಗ್ಗೆ, ಅವಳು ಒಂದು ಪ್ರಬಂಧ ಬರೆದಿದ್ದಳು. ಹೊಳೆಯ ಹೆಸರಿಲ್ಲ, ಊರಿನ ಹೆಸರಿಲ್ಲ; ಆ ಸಂಯಮದ ಬಗ್ಗೆ ಆಗ ಸಣ್ಣ ಹೆಮ್ಮೆಯೂ ಇತ್ತು. ಹೆಸರಿನ ಬದಲು ತಿರುವು ಹೇಗೆ ಬಳುಕುತ್ತದೆ, ಮೂಗು ಮುರಿದ ಮುದುಕಿಯಂಥ ಬಂಡೆ ಯಾವ ಹೊತ್ತಿನಲ್ಲಿ ಬಿಸಿಲಿಗೆ ಬೆನ್ನು ಕೊಡುತ್ತದೆ, ಹಳೆಯ ಪಂಪುಮನೆಯ ತುಕ್ಕಿನ ವಾಸನೆ ಎಲ್ಲಿಂದ ಶುರುವಾಗುತ್ತದೆ ಎಂದೆಲ್ಲ ಬರೆದಳು. ಓದಿದವರು ಗಾಡಿ ಮಾಡಿಕೊಂಡು ಬಂದರು. ಬ್ಯಾಟರಿ ಹಿಡಿದು ಬಂದರು, ಗೂಬೆಯ ಕೂಗನ್ನು ಫೋನಿನಲ್ಲಿ ಕೂಗಿಸುತ್ತ ಬಂದರು. ಅವರಲ್ಲೊಬ್ಬ, ಸಜ್ಜನ, ಬ್ಯಾಂಕಿನ ಸರದಿಯಲ್ಲಿ ಅವಳನ್ನು ಗುರುತು ಹಿಡಿದು ಕೈ ಮುಗಿದಿದ್ದ: “ಎಷ್ಟು ಚೆನ್ನಾಗಿ ಬರ್ದಿದ್ದೀರಿ ಅಂದ್ರೆ ಮೇಡಂ, ಯಾರನ್ನೂ ದಾರಿ ಕೇಳಬೇಕಾಗ್ಲೇ ಇಲ್ಲ.” ಆ ಹೊಗಳಿಕೆಯನ್ನು ಅವಳು ಇಂದಿಗೂ ನುಂಗಲಾರದೆ ಉಗುಳಲಾರದೆ ಇಟ್ಟುಕೊಂಡಿದ್ದಾಳೆ. ಗೂಬೆಗಳು ಆ ಜಾಗ ಬಿಟ್ಟು ಹೋದವು. ಚಾಚಿನಲ್ಲಿ ಒಂದು ಮೊಟ್ಟೆ ಉಳಿದಿತ್ತು, ತಣ್ಣಗೆ, ಹೊಳೆಯ ಕಲ್ಲುಗಳಲ್ಲಿ ಇನ್ನೊಂದು ಕಲ್ಲಿನ ಹಾಗೆ.

ಮೊದಲ ಗೋಷ್ಠಿಯಲ್ಲಿ ಅವಳ ಕುರ್ಚಿ ಖಾಲಿ ಇರಬೇಕಾದ್ದರಿಂದ ಹಿಂದಿನ ಗೋಡೆಗೆ ಒರಗಿ ನಿಂತಳು. ವಿಷಯ: ಸ್ಥಳವನ್ನು ಬರೆಯುವುದು ಹೇಗೆ. ಹೇಳಿಕೊಡುವವಳು ಅದೇ ತರಬೇತಿಯ ಹೆಂಗಸು. ಕೊರಳಿನಲ್ಲಿ ‘ಮನುಷ್ಯ’ ಎಂಬ ಬಿಲ್ಲೆ. “ಇದಕ್ಕಿಂತ ಒಳ್ಳೇ ಮಾದರಿ ನಂಗೆ ಸಿಕ್ಕಿಲ್ಲ” ಎಂದು ಕನ್ನಡಕ ಏರಿಸಿ ಓದತೊಡಗಿದಳು. ಮೂಗು ಮುರಿದ ಮುದುಕಿ. ಬಳುಕುವ ತಿರುವು. ತುಕ್ಕಿನ ವಾಸನೆ. ತನ್ನ ವಾಕ್ಯಗಳನ್ನು ಬೇರೆಯವರ ಬಾಯಲ್ಲಿ ಕೇಳುವುದು, ಕೊಟ್ಟ ಹಳೆಯ ಸ್ವೆಟರನ್ನು ದಾರಿಹೋಕರ ಮೈಮೇಲೆ ಕಂಡ ಹಾಗೆ. ಅಷ್ಟು ಚೆನ್ನಾಗಿ ಅದು ಅವಳಿಗೆ ಎಂದೂ ಕೂತಿರಲಿಲ್ಲ. ಮುಂದಿನ ಸಾಲಿನಿಂದ ನೀರುನಾಯಿ ಎಂಬ ಹುಡುಗಿ ಕೇಳಿದಳು: “ಇವ್ರು ಈ ಜಾಗಕ್ಕೆ ಆಮೇಲೆ ಏನಾಯ್ತು ಅಂತ ಬರೆದ್ರಾ?”

“ಗೊತ್ತಿಲ್ಲ” ಎಂದಳು ತರಬೇತಿಯವಳು. “ಲೇಖಕಿ ಇದ್ದಿದ್ರೆ ಕೇಳಬಹುದಿತ್ತು.”

“ಇದ್ದೀನಿ. ಹಾಳಾಯ್ತು. ಹಾಳು ಮಾಡಿದ್ದು ಅದೇ ಪ್ಯಾರಾನೇ” ಎಂದಳು ಅವಳು ಗೋಡೆಯ ಬಳಿಯಿಂದ. ತಕ್ಕಮಟ್ಟಿಗೆ ಜೋರಾಗಿಯೇ ಹೇಳಿದ್ದಳು. ಎಲ್ಲೋ ಒಂದು ಪೆನ್ನು ಬಿತ್ತು, ಯಾರೋ ಎತ್ತಿಕೊಂಡರು. ನೀರುನಾಯಿ ತನ್ನ ಪುಸ್ತಕದಲ್ಲಿ ‘ತುಕ್ಕಿನ ವಾಸನೆ’ ಎಂದು ಬರೆದುಕೊಂಡು ಅಡಿಗೆರೆ ಎಳೆದಳು.

ಅಳಿದವರಲ್ಲಿ ಅವಳೊಬ್ಬಳೇ ಇರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಹಳೆಯ ಕ್ಯಾಮರಾಮನ್ ಒಬ್ಬರು ಕೂತು ಬೂಟಿನ ದಾರ ಕಟ್ಟುತ್ತಿದ್ದರು. ಅವರ ಆಮೆಯ ಮೇಲೂ ಬೊಟ್ಟು. ಅವಳನ್ನು ನೋಡಿ ಮೇಲೆದ್ದರು. ನೋಡಿದರು ಎಂಬಷ್ಟಕ್ಕೇ ಅವಳು ಎರಡು ಮೆಟ್ಟಿಲು ಇಳಿದು ಅವರ ಹತ್ತಿರ ಹೋದಳು.

“ಇನ್ನೂ ಇಲ್ಲೇ ಇದ್ದೀರೇನಮ್ಮ? ಸತ್ತವರಿಗೆಲ್ಲ ರಜೆ. ಬಾಕಿಯವರೆಲ್ಲ ಆಗ್ಲೇ ಮನೆ ಸೇರಿ ಮಲಗಿದ್ದಾರೆ, ನೀವೂ ಹೋಗಿ.”

“ನಂಗೆ ಸಂಜೆ ಕೆಲಸ ಇದೆ.”

“ಹೋದ್ಸಲ ನಂಗೂ ಇತ್ತು.” ಅವರು ಇನ್ನೊಂದು ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದರು. “ಹೋದ್ಸಲ ಚೀಟಿ ನಂದೇ ಎತ್ತಿದ್ರು. ಮುಗಿದ ಮೇಲೆ ಜೀವದಾನ ಹೇಳ್ತಾರೆ ಅಂತ ಕಾದೆ. ಚಪ್ಪಾಳೆ ಆಯ್ತು, ಗ್ರೂಪ್ ಫೋಟೋ ಆಯ್ತು. ಯಾರೂ ಏನೂ ಹೇಳ್ಲಿಲ್ಲ. ಕಸ ಗುಡಿಸೋರು ಬಂದು ದೀಪ ಆರಿಸಿದ್ರು, ನಾನು ಕೂತೇ ಇದ್ದೆ.”

“ನೀವೇ ಕೇಳಬೇಕಿತ್ತು.”

“ಕೇಳಿದೆ ಅಂತಿಟ್ಕೊಳ್ಳಿ” ಎಂದು ಅವರು ನಕ್ಕರು. “ಅವತ್ತಿಂದ ಒಂದು ಕೆಲಸಕ್ಕೂ ಯಾರೂ ಕರೆದಿಲ್ಲ. ಅದು ವಯಸ್ಸಾಯ್ತು ಅಂತ ಇರ್ಬೇಕು ಬಿಡಿ. ಈ ಸಲ ಚೀಟಿ ಎತ್ತೋಕೆ ಮುಂಚೆ ನಾನೇ ಹೋಗಿ ಬೊಟ್ಟು ಅಂಟಿಸಿಕೊಂಡೆ. ಸುಮ್ನೆ ಅವರಿಗೂ ತೊಂದರೆ ಯಾಕೆ.”

ಅವರು ಮೆಟ್ಟಿಲಿಳಿದು ಹೋದರು. ಗೇಟಿನ ಕಾವಲುಗಾರ ಒಳಬಂದ ಕಾರಿಗೆ ಸಲಾಮು ಹೊಡೆದು, ಅವರಿಗೆ ತಾಗುವಷ್ಟು ಹತ್ತಿರದಿಂದ ಸರಪಳಿಯನ್ನು ಹಾದಿಗಡ್ಡ ಎಳೆದ. ಅವರು ಅಭ್ಯಾಸವಾದವರ ಹಾಗೆ ಸರಪಳಿ ದಾಟಿದರು.

ಊಟದ ಸಾಲಿನಲ್ಲಿ ಅವಳು ಬಿಲ್ಲೆಯನ್ನು ತೆಗೆದು ಚೀಲದೊಳಗೆ ಹಾಕಿಕೊಂಡಳು. ಆಟವಾಡಲಿ, ಹಸಿವಿಗೆ ಆಟ ಗೊತ್ತಿಲ್ಲ. ಬಡಿಸುವವನು ಅವಳ ಮುಂದಿನವನ ತಟ್ಟೆಗೆ ಒಂದು ಸೌಟು ಹಾಕಿ, ಹಿಂದಿನವಳ ತಟ್ಟೆಗೆ ಇನ್ನೊಂದು ಸೌಟು ಹಾಕಿದ. ನಡುವೆ ಅವಳ ತಟ್ಟೆ ಗಾಳಿಯಲ್ಲಿ ಬಿಳಿಯದಾಗಿ ನಿಂತಿತ್ತು. ಇವನಿಗೂ ಹೇಳಿಟ್ಟಿರಬೇಕು, ಅಚ್ಚುಕಟ್ಟಾದ ಹೆಂಗಸು ಅವಳು, ಎಂದುಕೊಂಡು ತಾನೇ ಬಡಿಸಿಕೊಂಡಳು. ಮೂಲೆಯ ಮೇಜಿನಲ್ಲಿ ತಂಗಿಯ ಮಗ ರಣಹದ್ದಿನ ಜೊತೆ ಊಟಕ್ಕೆ ಕೂತಿದ್ದ. ಅವಳು ಎದುರಿನ ಕುರ್ಚಿ ಎಳೆದು ಕೂತಳು. “ಆಟ ಸಾಕು ಮಾಡೋ. ಮರಿ ಇನ್ನೂ ಗೂಡಲ್ಲಿದೆ. ಅದು ಹಾರೋವರೆಗೆ ತಡಿ, ಆಮೇಲೆ ಬೇಕಾದ್ರೆ ಊರ ತುಂಬ ಅಂಟಿಸು. ನಾಳೆ ಬೆಳಿಗ್ಗೆ ಅಲ್ಲಿ ಗಾಡಿಗಳು ಸಾಲುಗಟ್ಟಿರ್ತವೆ, ನಂಗೊತ್ತು.”

ಅವನು ನೀರು ಕುಡಿದ. ಸಂಪಾದಕರ ಕಡೆ ತಿರುಗಿ, ನಿಧಾನವಾಗಿ, ದುಃಖವನ್ನು ಹದ ಮಾಡಿಕೊಂಡವರ ದನಿಯಲ್ಲಿ ಹೇಳಿದ: “ನಮ್ಮ ದೊಡ್ಡಮ್ಮ ಇದ್ದಿದ್ರೆ ಈ ಚಿತ್ರ ತೋರಿಸ್ಬೇಡ ಅಂತಿದ್ರು ಸರ್.”

“ಹೌದಾ? ಪಾಪ” ಎಂದರು ರಣಹದ್ದು. “ಅವರ ಕಾಲವೇ ಬೇರೆ.”

“ಇಲ್ಲೇ ಇದ್ದೀನಲ್ಲೋ ಮಹಾರಾಯ” ಎಂದಳು ಅವಳು. ಆಗ ಅವನ ಎಡಗಿವಿಯ ತುದಿ ಕೆಂಪಾಯಿತು. ಅವನಮ್ಮನಿಗೂ ಹಾಗೇ, ಚಿಕ್ಕಂದಿನಲ್ಲಿ ಸುಳ್ಳು ಹೇಳಿದರೆ ಮೊದಲು ಕಿವಿ ಒಪ್ಪಿಕೊಳ್ಳುತ್ತಿತ್ತು, ಬಾಯಿ ಆಮೇಲೆ. ಆ ಕೆಂಪನ್ನು ಕಂಡು ಅವಳಿಗೆ ನೆಮ್ಮದಿಯಾಯಿತು, ಕೇಳಿಸುತ್ತಿದೆ ಎಂದು. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಅವನು ಹಾಲುಹಲ್ಲಿನವನಾಗಿದ್ದಾಗ ಹೊಳೆದಂಡೆಯಲ್ಲಿ ಅವಳ ಹೆಗಲ ಮೇಲೆ ಕೂತು ಮೊದಲ ಸಲ ಗೂಬೆಯ ಕೂಗು ಕೇಳಿ ಅವಳ ಕೂದಲು ಹಿಡಿದುಕೊಂಡದ್ದನ್ನು ನೆನಪಿಸಿದಳು. ಮೊಟ್ಟೆಯ ವಿಷಯ ಹೇಳಿದಳು. ಅದುವರೆಗೆ ಯಾರಿಗೂ ಹೇಳಿರಲಿಲ್ಲ: ಅದನ್ನು ಕಿವಿಗೆ ಹಿಡಿದು ನೋಡಿದ್ದೆ ಎಂದು. ಅವಳು ಹೇಳುತ್ತ ಹೇಳುತ್ತ ಇದ್ದ ಹಾಗೆ ಕಿವಿಯ ಕೆಂಪು ಇಳಿಯಿತು. ಹೇಳಿ ಮುಗಿಸಿದಾಗ ಅದು ಬರೀ ಕಿವಿಯ ಬಣ್ಣದ ಕಿವಿಯಾಗಿತ್ತು. ಅವನು ಅವಳ ಮುಂದಿನಿಂದ ಕೈ ಚಾಚಿ ಉಪ್ಪಿನ ಡಬ್ಬಿ ತೆಗೆದುಕೊಂಡ. ಕೈ ಅವಳ ಮಣಿಕಟ್ಟಿಗೆ ತಾಗಿತು. ಬಟ್ಟೆಗೆ ತಾಗಿದಷ್ಟೂ ಅದು ಬೆದರಲಿಲ್ಲ.

ಕೈ ತೊಳೆಯುವ ಕೋಣೆಯಲ್ಲಿ ಕೈಯೊಡ್ಡಿದರೆ ತಾನಾಗಿ ನೀರು ಬಿಡುವ ನಲ್ಲಿಗಳಿದ್ದವು. ಅವಳು ಒಡ್ಡಿದಳು. ಬರಲಿಲ್ಲ. ಪಕ್ಕದ್ದಕ್ಕೆ ಒಡ್ಡಿದಳು. ಅಲ್ಲೂ ಇಲ್ಲ. ಈ ನಲ್ಲಿಗಳು ಯಾರನ್ನು ತಾನೇ ಒಂದೇ ಸಲಕ್ಕೆ ನಂಬುತ್ತವೆ ಎಂದು ಸಮಾಧಾನ ಹೇಳಿಕೊಂಡು ಶಾಲಿಗೆ ಕೈ ಒರೆಸಿಕೊಂಡಳು. ಎದುರಿನ ಕನ್ನಡಿಯನ್ನು ಮಾತ್ರ ನೋಡಲಿಲ್ಲ. ಅಷ್ಟೊಂದು ಕಥೆಗಳನ್ನು ಓದಿದವಳಿಗೆ, ಇಂಥ ದಿನ ಕನ್ನಡಿ ನೋಡಬಾರದು ಎಂಬಷ್ಟು ತಿಳಿವಳಿಕೆ ಇರುತ್ತದೆ. ಅಲ್ಲೇ ನಿಂತು ತಂಗಿಗೆ ಫೋನು ಮಾಡಿದಳು. ಫೋನು ಹೋಯಿತು, ತಂಗಿ ಎತ್ತಿದಳು, ಅಕ್ಕಾ ಅಂದಳು. ಎಷ್ಟು ಮಾಮೂಲಿಯಾಗಿ ಅಂದಳೆಂದರೆ ಅವಳು ತೊಳೆಯುವ ಬೇಸಿನ್ನಿನ ಅಂಚನ್ನು ಹಿಡಿದುಕೊಳ್ಳಬೇಕಾಯಿತು.

“ನಿನ್ನ ಮಗನಿಗೆ ಒಂದು ಮಾತು ಹೇಳು. ಆ ಚಿತ್ರ ಬೇಡ ಅನ್ನು.”

“ಮತ್ತೆ ಅದೇನಾ ಅಕ್ಕ?” ತಂಗಿ ನಿಟ್ಟುಸಿರು ಬಿಟ್ಟಳು. ಹಿಂದಿನಿಂದ ಕುಕ್ಕರು ಕೂಗಿತು. “ಅವನಿಗೆ ಇದೊಂದು ಸಿಕ್ಕಿದೆ. ಮೂವತ್ತು ದಾಟಿದ ಮೇಲೆ ಮೊದಲನೇ ಸಲ ಜನ ಅವನನ್ನ ವೇದಿಕೆಗೆ ಕರೀತಿದ್ದಾರೆ. ನೀನು ಗೂಬೆ ಬಗ್ಗೆ ಬರೆದು ಹೆಸರು ಮಾಡಿದಾಗ ಯಾರಾದ್ರೂ ಬೇಡ ಅಂದ್ರಾ?”

“ಯಾರಾದ್ರೂ ಅಂದಿದ್ರೆ ಚೆನ್ನಾಗಿತ್ತು.”

“ಅದೆಲ್ಲ ಊಟ ಆದ್ಮೇಲೆ ಬರೋ ವೈರಾಗ್ಯ ಕಣಕ್ಕ.” ತಂಗಿ ಯಾವಾಗಲೂ ಹೀಗೆ, ಸರಿಯಾದ ಜಾಗದಲ್ಲೇ ಚಿವುಟುತ್ತಾಳೆ. ಆಮೇಲೆ ತಂಗಿ ಬೇರೆ ದನಿಯಲ್ಲಿ ಕೇಳಿದಳು: “ಹುಷಾರಿಲ್ವಾ ನಿಂಗೆ? ಎಲ್ಲಿದ್ದೀಯ?”

“ಇಲ್ಲೇ. ಸಭೇಲಿ.”

“ಈಗ ತಾನೇ ಅವನು ಫೋನ್ ಮಾಡಿದ್ದ. ದೊಡ್ಡಮ್ಮ ಸಿಕ್ಕಿದ್ರಾ ಅಂದೆ. ಬಂದೇ ಇಲ್ಲ ಅಂದ.” ಕುಕ್ಕರು ಇನ್ನೊಮ್ಮೆ ಕೂಗಿತು. “ಸುಳ್ಳು ಹೇಳೋ ಹಾಗೆ ಇರಲಿಲ್ಲ ಅಕ್ಕ. ನೀನು ಬಂದಿಲ್ಲ ಅಂತ ಅವನಿಗೇ ಬೇಜಾರಾಗಿತ್ತು.”

ಕೊನೆಯ ಗೋಷ್ಠಿಗೆ ದೊಡ್ಡ ಸಭಾಂಗಣ ತುಂಬಿತ್ತು. ವೇದಿಕೆಯ ಹಿಂದಿನ ಗೋಡೆಯಿಡೀ ಬೆಳಕಿನ ಪರದೆ. ಅದರಲ್ಲಿ ಕಂಡದ್ದೆಲ್ಲ ಎದುರಿನ ಕ್ಯಾಮರಾದಿಂದ ಅದೇ ಗಳಿಗೆಗೆ ಲೋಕದ ಮನೆಮನೆಗೂ ಹೋಗುತ್ತದೆ ಎಂದು ತರಬೇತಿಯ ಹೆಂಗಸು ಖುಷಿಯಿಂದ ಸಾರುತ್ತಿದ್ದಳು. ಅವಳು ನೇರ ಆ ಹೆಂಗಸಿನ ಮುಂದೆ ಹೋಗಿ ನಿಂತಳು. “ನಿಮ್ಮ ಆಟ ಚೆನ್ನಾಗಿದೆ, ನಂಗೆ ಅರ್ಥ ಆಯ್ತು, ಈಗ ಬಿಟ್ಟುಬಿಡಿ” ಎಂದಳು. ದನಿ ತಾನು ಬಯಸದಷ್ಟು ದೀನವಾಗಿ ಬಂತು. ತರಬೇತಿಯವಳು ಅವಳ ಹೆಗಲಿನ ಮೇಲಿಂದ ಯಾರಿಗೋ ಕೈಬೀಸಿ, ಪಕ್ಕದವನಿಗೆ, “ಎಸಿ ಸ್ವಲ್ಪ ಕಡಿಮೆ ಮಾಡಿಸ್ತೀರಾ? ಇಲ್ಲಿ ತುಂಬ ತಣ್ಣಗಿದೆ” ಎಂದಳು. ಹಿಂಬದಿಯ ಮೇಜಿನಲ್ಲಿ ಇಬ್ಬರು ಹುಡುಗರು ಯಂತ್ರಗಳ ಮುಂದೆ ಕೂತಿದ್ದರು. ಅವರಿಗೂ ಹೇಳಿ ನೋಡಿದಳು. ಕೊನೆಗೆ, ಬದುಕಿನಲ್ಲಿ ಇನ್ನೊಬ್ಬರ ಪೆನ್ನನ್ನೂ ಕೇಳದೆ ಮುಟ್ಟದವಳು, ಬಗ್ಗಿ ಕೈಗೆ ಸಿಕ್ಕ ವೈರನ್ನು ಎಳೆದಳು. ಮೇಜಿನ ಮೇಲಿನ ಸಣ್ಣ ದೀಪ ಆರಿತು. ಒಬ್ಬ ಹುಡುಗ ಕಣ್ಣೆತ್ತದೆ ವೈರನ್ನು ಮತ್ತೆ ಸಿಕ್ಕಿಸಿದ. “ಏನೋ ಅದು?” ಎಂದ ಇನ್ನೊಬ್ಬ. “ಇಲಿ ಇರ್ಬೇಕು ಮಾರಾಯ” ಎಂದ ಇವನು, ಹೇಳಿ ಕಾಲುಗಳನ್ನು ಕುರ್ಚಿಯ ಮೇಲೆ ಎಳೆದುಕೊಂಡ. ನಾಚಿಕೆಯಿಂದ ಅವಳ ಮೈ ಬಿಸಿಯಾಯಿತು. ಇಲ್ಲದವರಿಗೂ ನಾಚಿಕೆ ಇರುತ್ತದೆ ಎಂಬುದನ್ನು ಯಾವ ತರಬೇತಿಯಲ್ಲೂ ಹೇಳಿರಲಿಲ್ಲ.

ತಂಗಿಯ ಮಗ ವೇದಿಕೆಗೆ ಬಂದ. ಅವನ ಇಸ್ತ್ರಿ ಮಾಡಿದ ಅಂಗಿ, ಒಣಗಿದ ತುಟಿ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದ ಅವಸ್ಥೆ ಕಂಡು ಅವಳಿಗೆ ಕರುಳು ಚುರುಕ್ಕೆಂದಿತು; ಚೆನ್ನಾಗಿ ಮಾತಾಡಲಿ ಎಂದು ತಾನೇ ಹಾರೈಸುತ್ತಿದ್ದೇನೆಂದು ಗೊತ್ತಾಯಿತು. ಹಾರೈಸುತ್ತಲೇ ಮೆಟ್ಟಿಲು ಹತ್ತಿದಳು. ಅವನು, “ಇದು ನಾನು ಬಹಳ ದಿನ ಕಾದು ತೆಗೆದದ್ದು” ಎನ್ನುತ್ತಿದ್ದ. ದೀಪಗಳು ತಗ್ಗಿದವು. ಗೋಡೆಯಿಡೀ ಹೊಳೆಯಾಯಿತು, ಸಂಜೆಯಾಯಿತು. ಮೇಲೆ, ಮನುಷ್ಯರ ಎರಡರಷ್ಟು ಎತ್ತರದ ತಾಯಿ. ಮಂಚದಷ್ಟು ದೊಡ್ಡ ಮರಿ. ಎಡಗಡೆ, ಸರಿಯಾಗಿ ಅವಳ ಎದೆಯ ಮಟ್ಟಕ್ಕೆ, ಸೀಳುಬಂಡೆ ಮತ್ತು ಬಿಳಿ ಗೆರೆಗಳು. ಅವಳು ಮೂರು ಹೆಜ್ಜೆಯಲ್ಲಿ ಅಲ್ಲಿಗೆ ಹೋಗಿ, ಬೆನ್ನನ್ನು ಪರದೆಗೆ ಒತ್ತಿ, ಶಾಲನ್ನು ಎರಡೂ ಕೈಗಳಲ್ಲಿ ಅಗಲಿಸಿ ಹಿಡಿದು ನಿಂತಳು. ಬಂಡೆ ಪೂರ್ತಿ ಮುಚ್ಚಿತು. ಬೆನ್ನಿಗೆ ಪರದೆಯ ಕಾವು ತಗಲುತ್ತಿತ್ತು, ಮಲಗಿದ ದೊಡ್ಡ ಪ್ರಾಣಿಯೊಂದಕ್ಕೆ ಒರಗಿದ ಹಾಗೆ. ಎದುರಿಗೆ ಕತ್ತಲಿನಲ್ಲಿ ಸಾಲು ಸಾಲು ಮುಖಗಳು. ಒಂದಿಷ್ಟಾದರೂ ಗದ್ದಲವೆದ್ದರೆ, ಒಬ್ಬರಾದರೂ ಕೆಳಗಿಳಿಯಮ್ಮ ಎಂದರೆ, ಇಳಿಯುವುದಿಲ್ಲ ಎಂದು ಹೇಳಲು ಬಾಯಿ ಸಿದ್ಧ ಮಾಡಿಕೊಂಡಳು. ಅದು ಬಂದರೆ ಎಷ್ಟು ಚೆನ್ನ ಎಂದೂ ಅನಿಸಿತು.

“ಗಮನಿಸಿ” ಎಂದಳು ತರಬೇತಿಯ ಹೆಂಗಸು ಮೈಕಿನಲ್ಲಿ, ಭಾವುಕಳಾಗಿ. “ಈ ಚಿತ್ರದಲ್ಲಿ ಮನುಷ್ಯರ ಸುಳಿವೇ ಇಲ್ಲ.”

ಸಭೆ ಚಪ್ಪಾಳೆ ತಟ್ಟಿತು. ದೀರ್ಘವಾದ, ಕಣ್ಣೊದ್ದೆಯ ಚಪ್ಪಾಳೆ. ಅವನು ತಿರುಗಿ ತನ್ನ ಚಿತ್ರವನ್ನು ನೋಡಿದ. ತಾಯಿಯನ್ನು ನೋಡಿದ, ಮರಿಯನ್ನು ನೋಡಿದ, ಕಣ್ಣು ಎಡಕ್ಕೆ ಬಂತು, ಅವಳ ಮುಖದ ಮೇಲೆ ನಿಂತಿತು. ಅವಳು ಉಸಿರು ಹಿಡಿದಳು. ಅವನ ಹುಬ್ಬು ಗಂಟಿಕ್ಕಿತು, ತಾನು ಮಾಡಿದ ಕೆಲಸದಲ್ಲಿ ಕಲೆಯೊಂದನ್ನು ಕಂಡವನ ಹಾಗೆ.

“ಎಡಗಡೆ ಸ್ವಲ್ಪ ಕಪ್ಪು ಉಳಿದುಬಿಟ್ಟಿದೆ, ಕ್ಷಮಿಸಿ” ಎಂದ ಸಭೆಗೆ. “ಯಾಕೆ ಅಂತ ಗೊತ್ತಾಗ್ತಿಲ್ಲ. ಮುಂಚೆ ಇರಲಿಲ್ಲ. ಆಮೇಲೆ ತೆಗೆದುಬಿಡ್ತೀನಿ.”

ತೆಗೆಯಲಿ. ಆಮೇಲೆ ಎಂದನಲ್ಲ, ಈಗ ಅಲ್ಲವಲ್ಲ. ಆ ‘ಆಮೇಲೆ’ಯೊಳಗೆ ಮರಿಗೆ ರೆಕ್ಕೆ ಬಲಿಯಬಹುದು, ಬಲಿಯದಿರಬಹುದು. ಅವಳ ಕೈಗಳು ನೋಯತೊಡಗಿದ್ದವು. ಶಾಲಿನ ಅಂಚು ಜಾರಿದಲ್ಲಿ ಒಂದು ಬಿಳಿ ಗೆರೆ ಇಣುಕಿತು. ಅವಳು ಮೊಣಕೈಯನ್ನು ಅದರ ಮೇಲಿಟ್ಟಳು. ಕೆಳಗೆ ಒಂದೊಂದಾಗಿ ಫೋನುಗಳು ಮೇಲೆದ್ದವು, ಎಲ್ಲವೂ ಚಿತ್ರದ ಕಡೆಗೆ. ಮುಂದಿನ ಸಾಲಿನ ನೀರುನಾಯಿ ಹುಡುಗಿ ತನ್ನ ಫೋನನ್ನು ಎತ್ತಿ ಹಿಡಿದಳು, ಅದರೊಳಗೆ ನೋಡಿದಳು, ತಲೆ ಓರೆ ಮಾಡಿ ಮತ್ತೆ ನೋಡಿದಳು. ಆಮೇಲೆ ಫೋನನ್ನು ಕೆಳಗಿಳಿಸಿ, ಅದರ ಕಣ್ಣಿನ ಮೇಲೆ ಹಬೆಯೂದಿ, ಅಂಗಿಯ ತೋಳಿನಿಂದ ಚೆನ್ನಾಗಿ ಉಜ್ಜಿ ಒರೆಸಿ, ಮತ್ತೆ ಎತ್ತಿ ಹಿಡಿದಳು.